ಇಷ್ಟೆಲ್ಲ ಹೇಳಿದರೂ ರೋಗಿಗೆ ನೆನಪಿರುವುದಿಲ್ಲ, ಯಾಕೆ?

ಈ ಸಲದ ಪತ್ರಗಳು ಹೆಚ್ಚಾಗಿ ಒಂದೇ ವಿಷಯದ ಸುತ್ತ ಇವೆ. ಫೋನಿನಲ್ಲೋ ಟ್ಯಾಬ್‌ನಲ್ಲೋ ರೋಗಿಗಳಿಗೆ ತೋರಿಸುವ ಆರೋಗ್ಯ ಪಾಠಗಳನ್ನು ಹೇಗೆ ಮಾಡಬೇಕು ಅನ್ನುವುದು. ವಾರ್ಡಿನಲ್ಲಿ ನರ್ಸ್ ಆಗಿದ್ದು, ಆಮೇಲೆ ಇದೇ ಕೆಲಸಕ್ಕೆ ಬಂದವಳು ನಾನು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಬಿಟ್ಟು, ಪೂರ್ತಿ ಜಾಗವನ್ನು ಇದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ಮೇಡಂ, ನಾನು ಶ್ವಾಸಕೋಶದ ಕಾಯಿಲೆಗಳ ವಿಭಾಗದಲ್ಲಿ ನರ್ಸ್. ಆಸ್ತಮಾ ಇರುವವರಿಗಾಗಿ ಫೋನಿನಲ್ಲಿ ನೋಡುವಂಥ ಒಂದು ಪಾಠವನ್ನು ನಾವೇ ಮಾಡಿದ್ದೇವೆ. ಮೊದಲು ಶ್ವಾಸಕೋಶದ ಚಿತ್ರ, ಆಮೇಲೆ ಆಸ್ತಮಾ ಯಾಕೆ ಬರುತ್ತದೆ, ಇನ್‌ಹೇಲರ್‌ಗಳಲ್ಲಿ ಎಷ್ಟು ವಿಧ, ಅಡ್ಡ ಪರಿಣಾಮಗಳೇನು, ಕೊನೆಗೆ ಇನ್‌ಹೇಲರ್ ಬಳಸುವ ಕ್ರಮ. ನೋಡಿದವರೆಲ್ಲ 'ತುಂಬಾ ಚೆನ್ನಾಗಿದೆ' ಅನ್ನುತ್ತಾರೆ. ಮುಂದಿನ ಸಲ ಬಂದಾಗ ನೋಡಿದರೆ ಮತ್ತೆ ಅದೇ ತಪ್ಪು. ಎಲ್ಲಿ ಎಡವಟ್ಟಾಗಿದೆ?
— ಒಬ್ಬ ನರ್ಸ್

ಉತ್ತರ: ನೀವು ಕಳಿಸಿದ ಸ್ಕ್ರೀನುಗಳನ್ನೆಲ್ಲ ನೋಡಿದೆ. ಅದರಲ್ಲಿ ತಪ್ಪು ಮಾಹಿತಿ ಒಂದೂ ಇಲ್ಲ. ಆದರೆ ರೋಗಿ ಕೈಯಾರೆ ಮಾಡಬೇಕಾದ ಕೆಲಸ ಬರುವುದು ಕಟ್ಟಕಡೆಗೆ. ಅಷ್ಟು ಹೊತ್ತಿಗೆ ಅವರ ತಲೆ ತುಂಬಿಹೋಗಿರುತ್ತದೆ.

ಹೊಸ ವಿಷಯವನ್ನು ಆ ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಜಾಗ ನಮ್ಮೆಲ್ಲರಿಗೂ ತುಂಬಾ ಚಿಕ್ಕದು. ಜಾರ್ಜ್ ಮಿಲ್ಲರ್ 1956ರಲ್ಲಿ ಅದನ್ನು ಏಳು ಸಂಗತಿ, ಎರಡು ಹೆಚ್ಚು ಇಲ್ಲವೇ ಕಡಿಮೆ, ಅಂತ ಅಂದಾಜು ಮಾಡಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಮತ್ತೆ ಲೆಕ್ಕ ಹಾಕಿ ಸುಮಾರು ನಾಲ್ಕು ಅಂದರು. ಅದೂ ನೆಮ್ಮದಿಯಾಗಿ ಕೂತು ಪರೀಕ್ಷೆಗೆ ಒಪ್ಪಿಕೊಂಡವರ ಲೆಕ್ಕ. ನಿನ್ನೆ ರಾತ್ರಿ ಉಸಿರು ಸಿಗದೆ ಒದ್ದಾಡಿ, ನಿದ್ದೆಗೆಟ್ಟು ಬಂದವರ ತಲೆಯಲ್ಲಿ ಭಯವೇ ಅರ್ಧ ಜಾಗ ಹಿಡಿದಿರುತ್ತದೆ ಅಲ್ವಾ? ಉಳಿದ ಜಾಗಕ್ಕೆ ನೀವು ಶ್ವಾಸನಾಳದ ಕವಲುಗಳ ಹೆಸರು ತುಂಬುತ್ತಿದ್ದೀರಿ.

ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಇದರ ಬಗ್ಗೆ 1988ರಿಂದ ಬರೆಯುತ್ತ ಬಂದರು. ಅವರೂ ಅವರ ಜೊತೆಗಾರರೂ ಬೆಳೆಸಿದ ವಿಚಾರದಲ್ಲಿ ನಮ್ಮ ಕೆಲಸಕ್ಕೆ ಮುಖ್ಯವಾದದ್ದು ಒಂದು ವ್ಯತ್ಯಾಸ. ವಿಷಯವೇ ಕಷ್ಟವಾಗಿದ್ದರೆ ಅದರ ಹೊರೆ ಒಂದು. ನಾವು ಹೇಳುವ ರೀತಿಯಿಂದ ಸುಮ್ನೆ ಮೇಲೆ ಬೀಳುವ ಹೊರೆ ಇನ್ನೊಂದು. ಎರಡನೆಯದನ್ನು ಪೂರ್ತಿ ಕಿತ್ತುಹಾಕಬಹುದು. ಮೊದಲನೆಯದನ್ನು ಕಿತ್ತುಹಾಕಲು ಆಗುವುದಿಲ್ಲ, ಸಣ್ಣ ಸಣ್ಣ ತುತ್ತು ಮಾಡಿ ಕೊಡಬಹುದು.

ನಿಮ್ಮ ಪಾಠದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಆತಂಕ ಹುಟ್ಟಿಸಿದ್ದು 'ಇನ್‌ಹೇಲರ್ ವಿಧಗಳು' ಅನ್ನುವ ಸ್ಕ್ರೀನ್. ಒತ್ತಿದರೆ ಬುಸ್ಸೆಂದು ಹೊಗೆಯಂತೆ ಬರುವ ಪಂಪನ್ನು ಮೊದಲು ಅಲುಗಾಡಿಸಬೇಕು, ಆಮೇಲೆ ಉಸಿರನ್ನು ನಿಧಾನವಾಗಿ ಎಳೆಯಬೇಕು. ಪುಡಿ ಇರುವ ಇನ್‌ಹೇಲರ್‌ನಲ್ಲಿ ಡೋಸ್ ಸಿದ್ಧ ಮಾಡಿದ ಮೇಲೆ ಅಲುಗಾಡಿಸಲೇಬಾರದು, ಉಸಿರನ್ನು ಜೋರಾಗಿ, ಆಳವಾಗಿ ಎಳೆಯಬೇಕು. ಎರಡಕ್ಕೂ ಒಂದಕ್ಕೊಂದು ತದ್ವಿರುದ್ಧ. ನೀವು ಎರಡನ್ನೂ ಅಕ್ಕಪಕ್ಕ ಇಟ್ಟಿದ್ದೀರಿ. ಕೈಯಲ್ಲಿ ಒಂದೇ ಇನ್‌ಹೇಲರ್ ಇರುವವರಿಗೆ ಎರಡರ ವಿಧಾನವನ್ನೂ ಹೇಳಿದರೆ, ಮನೆಗೆ ಹೋದ ಮೇಲೆ 'ನಿಧಾನವೋ ಜೋರೋ' ಅನ್ನುವುದೇ ಗೊಂದಲ. ಮೊದಲ ಸ್ಕ್ರೀನಿನಲ್ಲಿ ಎರಡರ ಫೋಟೊ ಹಾಕಿ. 'ನಿಮ್ಮ ಹತ್ತಿರ ಯಾವುದಿದೆ? ಅದನ್ನು ಮುಟ್ಟಿ' ಅಂತ ಬರೆಯಿರಿ. ಮುಟ್ಟಿದ ಮೇಲೆ ಇನ್ನೊಂದರ ಹೆಸರೂ ಕಾಣಬಾರದು.

ಆಮೇಲೆ ಭಾಷೆ. ನಿಮ್ಮ ಪಾಠದ ಒಂದು ವಾಕ್ಯ ಹೀಗಿದೆ: 'ಉಸಿರನ್ನು ಸಂಪೂರ್ಣವಾಗಿ ಹೊರಹಾಕಿದ ನಂತರ ಸಾಧನದ ಮುಖಭಾಗವನ್ನು ತುಟಿಗಳ ಮಧ್ಯೆ ಇರಿಸಿಕೊಂಡು, ಔಷಧವು ಶ್ವಾಸಕೋಶದ ಆಳಕ್ಕೆ ತಲುಪುವಂತೆ ನಿಧಾನವಾಗಿ ಉಸಿರೆಳೆದುಕೊಳ್ಳುವುದರೊಂದಿಗೆ ಏಕಕಾಲದಲ್ಲಿ ಸಾಧನವನ್ನು ಒತ್ತತಕ್ಕದ್ದು.' ಓದುವವರು ಕೊನೆಯ ಕ್ರಿಯಾಪದ ಬರುವವರೆಗೆ ಎಲ್ಲವನ್ನೂ ಮನಸ್ಸಿನಲ್ಲಿ ಹೊತ್ತುಕೊಂಡೇ ಹೋಗಬೇಕು. ಇದನ್ನೇ ಹೀಗೆ ಬರೆಯಬಹುದು: 'ಉಸಿರು ಪೂರ್ತಿ ಬಿಡಿ. ಪಂಪಿನ ಬಾಯಿಯ ಸುತ್ತ ತುಟಿ ಬಿಗಿಯಾಗಿ ಮುಚ್ಚಿ. ನಿಧಾನವಾಗಿ ಉಸಿರು ಎಳೆಯಲು ಶುರು ಮಾಡಿ. ಎಳೆಯುತ್ತಲೇ ಒಂದು ಸಲ ಒತ್ತಿ. ಎಳೆಯುವುದನ್ನು ನಿಲ್ಲಿಸಬೇಡಿ.' ಒಂದೊಂದು ವಾಕ್ಯಕ್ಕೂ ಒಂದೊಂದು ಕೆಲಸ. ಚಿತ್ರ ಅದರ ಪಕ್ಕದಲ್ಲೇ ಇರಲಿ. ಈಗ ನೀವು ಚಿತ್ರವನ್ನು ಮೇಲಿಟ್ಟು, ಅದರಲ್ಲಿ ಅ, ಆ, ಇ ಅಂತ ಗುರುತು ಹಾಕಿ, ವಿವರವನ್ನು ಕೆಳಗೆ ಕೊಟ್ಟಿದ್ದೀರಿ. ಚಿಕ್ಕ ಫೋನಿನಲ್ಲಿ ವಿವರ ಓದಲು ಸ್ಕ್ರೋಲ್ ಮಾಡಿದರೆ ಚಿತ್ರ ಮಾಯ. 'ಇ' ಅಂದರೆ ಯಾವುದು ಅಂತ ನೋಡಲು ಮತ್ತೆ ಮೇಲೆ ಹೋಗಬೇಕು. ಹೀಗೆ ಮೇಲೆ ಕೆಳಗೆ ಓಡಾಡುವುದರಲ್ಲೇ ಅರ್ಧ ಗಮನ ಸೋರಿಹೋಗುತ್ತದೆ.

ಇಷ್ಟೆಲ್ಲ ಸರಿ ಮಾಡಿದರೂ ಒಂದು ಕಷ್ಟ ಉಳಿಯುತ್ತದೆ. ಎಳೆಯುವುದು, ಒತ್ತುವುದು ಎರಡೂ ಹೊಂದಿಕೊಂಡು ಆಗಬೇಕು. ಈ ಎರಡನ್ನು ಬೇರೆ ಬೇರೆ ಹೆಜ್ಜೆ ಅಂತ ಹೇಳಿದರೆ ಜನ ಮೊದಲು ಒತ್ತಿಬಿಡುತ್ತಾರೆ, ಆಮೇಲೆ ಎಳೆಯುತ್ತಾರೆ. ಔಷಧಿ ಬಾಯಲ್ಲೇ ಉಳಿಯುತ್ತದೆ. ಇಲ್ಲಿ ಚಿತ್ರ ಸಾಲದು, ಚಿಕ್ಕ ವಿಡಿಯೊ ಬೇಕು. ಆ ಒಂದು ಭಾಗವನ್ನು ಮಾತ್ರ ಮತ್ತೆ ಮತ್ತೆ ನೋಡುವಂತಿರಬೇಕು. ಇದಕ್ಕಿಂತ ಒಳ್ಳೆಯ ದಾರಿ ಸ್ಪೇಸರ್. ಪಂಪಿಗೆ ಆ ಕೊಳವೆ ಜೋಡಿಸಿದರೆ ಕೈಗೂ ಉಸಿರಿಗೂ ಅಷ್ಟು ಕರಾರುವಾಕ್ಕಾಗಿ ತಾಳ ಕೂಡಬೇಕಾಗಿಲ್ಲ. ಪಾಠವನ್ನು ಎಷ್ಟು ತಿದ್ದಿದರೂ ಆಗದ ಉಪಕಾರ ಕೆಲವೊಮ್ಮೆ ಇಂಥ ಒಂದು ಸಾಧನದಿಂದ ಆಗುತ್ತದೆ. ವೈದ್ಯರ ಹತ್ತಿರ ಈ ಮಾತು ಖಂಡಿತ ಎತ್ತಿ.

ಇನ್ನೊಂದು ವಿಷಯ. ನಿಮ್ಮ ರೋಗಿಯೊಬ್ಬರ ಪಕ್ಕ ಕೂತು, ಅವರು ಫೋನ್ ನೋಡಿಕೊಂಡು ಇನ್‌ಹೇಲರ್ ತೆಗೆದುಕೊಳ್ಳುವುದನ್ನು ಗಮನಿಸಿ. ಒಂದು ಕೈಯಲ್ಲಿ ಫೋನ್ ಇದೆ. ಪಂಪಿನ ಮುಚ್ಚಳ ತೆಗೆಯಲು ಎರಡೂ ಕೈ ಬೇಕು. ಫೋನನ್ನು ತೊಡೆಯ ಮೇಲೋ ಮೇಜಿನ ಮೇಲೋ ಇಡುತ್ತಾರೆ. ಈಗ ಅಕ್ಷರ ದೂರವಾಯಿತು. ಉಸಿರು ಎಳೆದಾಯಿತು, ಹತ್ತು ಸೆಕೆಂಡು ಹಿಡಿಯಬೇಕು, ಅಷ್ಟರಲ್ಲಿ ಸ್ಕ್ರೀನ್ ಕಪ್ಪಾಯಿತು. ಮುಂದಿನ ಹೆಜ್ಜೆಗೆ ಬೆರಳು ಸರಿಸೋಣ ಅಂದರೆ ಕೈ ಖಾಲಿ ಇಲ್ಲ. ಇದೆಲ್ಲ ನಮಗೆ ಚಿಲ್ಲರೆ ವಿಷಯ ಅನ್ನಿಸಬಹುದು. ಆದರೆ ಇಲ್ಲೇ ಜನ 'ಆಮೇಲೆ ನೋಡೋಣ' ಅಂತ ಫೋನ್ ಪಕ್ಕಕ್ಕಿಡುವುದು. ಹೆಜ್ಜೆಗಳ ಸ್ಕ್ರೀನಿನಲ್ಲಿ ಅಕ್ಷರ ಒಂದು ತೋಳಿನ ದೂರದಿಂದ ಕಾಣುವಷ್ಟು ದೊಡ್ಡದಿರಲಿ. ಪಾಠ ಮುಗಿಯುವವರೆಗೆ ಪರದೆ ಆರದಂತೆ ನೋಡಿಕೊಳ್ಳಿ. ಉಸಿರು ಹಿಡಿಯುವ ಹೊತ್ತಿಗೆ ಒಂದು ಧ್ವನಿ ಹತ್ತರವರೆಗೆ ಎಣಿಸಲಿ, ಆಗ ಅವರು ಎಣಿಸುವ ಕೆಲಸವನ್ನೂ ತಲೆಯಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ.

ಆಸ್ತಮಾ ಯಾಕೆ ಬರುತ್ತದೆ ಅನ್ನುವ ಭಾಗವನ್ನು ಬಿಸಾಡಬೇಡಿ. ಅದನ್ನು ಹೆಜ್ಜೆಗಳ ನಂತರ, ಬೇಕಾದವರು ತೆರೆದು ನೋಡುವಂತೆ ಇಡಿ.

ಪ್ರಶ್ನೆ: ನಾನು ವಿಡಿಯೊ ಎಡಿಟರ್. ಆರೋಗ್ಯದ ವಿಡಿಯೊ ಮಾಡುವಾಗ ನಿರೂಪಕಿ ಹೇಳುವುದೆಲ್ಲ ಪರದೆಯ ಮೇಲೂ ಬರಹವಾಗಿ ಬರುತ್ತದೆ. ಕೆಲವರು ಕೇಳುತ್ತಾರೆ, ಕೆಲವರು ಓದುತ್ತಾರೆ ಅಂತ. ಬೇಸರ ಬರದಿರಲಿ ಎಂದು ಹಿನ್ನೆಲೆ ಸಂಗೀತ, ಅನಿಮೇಷನ್ ಕೂಡ ಇರುತ್ತದೆ. ನಮ್ಮ ಡಾಕ್ಟರ್ ಒಬ್ಬರು 'ತುಂಬಾ ಜಾಸ್ತಿ ಆಯ್ತು' ಅನ್ನುತ್ತಾರೆ. ನಿಮ್ಮ ಅಭಿಪ್ರಾಯ?
— ವಿಡಿಯೊ ಎಡಿಟರ್

ಉತ್ತರ: ನಾನು ನಿಮ್ಮ ಡಾಕ್ಟರ್ ಪರ.

ಕಿವಿಗೂ ಕಣ್ಣಿಗೂ ಬೇರೆ ಬೇರೆ ದಾರಿ ಇದೆ ನಿಜ. ಮಾತು ಕೇಳುತ್ತ ಚಿತ್ರ ನೋಡಿದರೆ ಎರಡೂ ಸೇರಿ ಒಳ್ಳೆಯ ಕಲಿಕೆಯಾಗುತ್ತದೆ. ಆದರೆ ಚಿತ್ರ, ಮಾತು, ಅದೇ ಮಾತಿನ ಬರಹ ಮೂರೂ ಒಟ್ಟಿಗೆ ಬಂದರೆ ಕಣ್ಣು ಚಿತ್ರ ನೋಡಬೇಕೋ ಅಕ್ಷರ ಓದಬೇಕೋ ಅಂತ ಹಂಚಿಹೋಗುತ್ತದೆ. ಜೊತೆಗೆ ನಿರೂಪಕಿಯ ವೇಗ ಒಂದು, ಓದುವವರ ವೇಗ ಇನ್ನೊಂದು. ಕ್ಯಾಲಿಫೋರ್ನಿಯಾದ ರಿಚರ್ಡ್ ಮೇಯರ್ ಇದನ್ನು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಪರೀಕ್ಷಿಸಿದ್ದಾರೆ. ವಿಷಯಕ್ಕೆ ಸಂಬಂಧವಿಲ್ಲದ ಸಂಗೀತ, ಸ್ವಾರಸ್ಯಕ್ಕೆಂದು ಸೇರಿಸಿದ ಉಪಕಥೆ, ಅಂದಕ್ಕೆ ಹಾಕಿದ ಚಿತ್ರ ಇವೆಲ್ಲ ಕಲಿಕೆಗೆ ಅಡ್ಡಿ ಅನ್ನುವುದು ಅವರ ಕೆಲಸದಿಂದ ಬಂದ ದೊಡ್ಡ ಪಾಠ. ಹಾಗಾಗಿ ಸಂಗೀತ ತೆಗೆಯಿರಿ. ಔಷಧಿಯ ಹೆಸರು, ಪ್ರಮಾಣ, ಹೊತ್ತು ಇಷ್ಟು ಮಾತ್ರ ಪರದೆಯ ಮೇಲೆ ಬರಲಿ, ಅದೂ ನಿರೂಪಕಿ ಅದನ್ನು ಹೇಳುವ ಕ್ಷಣದಲ್ಲೇ.

ಆದರೆ ಶೀರ್ಷಿಕೆ ಬರಹವನ್ನು, ಅಂದರೆ ಕ್ಯಾಪ್ಶನ್ ಅನ್ನು, ಪೂರ್ತಿ ಕೈಬಿಡಬೇಡಿ. ಕಿವಿ ಕೇಳಿಸದವರು ಇದ್ದಾರೆ. ಗದ್ದಲದ ಕಾಯುವ ಕೋಣೆಯಲ್ಲಿ ಧ್ವನಿ ಮುಚ್ಚಿ ನೋಡುವವರಿದ್ದಾರೆ. ಬೇರೆ ಮನೆಮಾತಿನವರು ಕೇಳುತ್ತ ಓದಿದರೆ ಹೆಚ್ಚು ಹಿಡಿಯುತ್ತಾರೆ. ಇವರಿಗೆ ಅದು ಬೇಕೇ ಬೇಕು. ಅದನ್ನು ವಿಡಿಯೊದೊಳಗೇ ಅಚ್ಚೊತ್ತದೆ, ಬೇಕಾದವರು ಒಂದು ಗುಂಡಿ ಒತ್ತಿ ತೆರೆಯುವಂತೆ ಮಾಡಿ.

ಉದ್ದದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಂದು ದೊಡ್ಡ ವಿಡಿಯೊ ಬದಲು ಚಿಕ್ಕ ತುಂಡುಗಳನ್ನು ಮಾಡಿ. ಒಂದು ತುಂಡು ಮುಗಿದ ಕೂಡಲೇ ಇನ್ನೊಂದು ತಾನಾಗಿ ಓಡಬಾರದು. 'ಮುಂದೆ' ಅನ್ನುವುದನ್ನು ನೋಡುವವರೇ ಒತ್ತಲಿ. ಆ ಬಿಡುವಿನಲ್ಲೇ ತಲೆ ಹಿಂದಿನದನ್ನು ಜೋಡಿಸಿಕೊಳ್ಳುವುದು.

ಪ್ರಶ್ನೆ: ನೀವು ಹಿಂದೊಮ್ಮೆ ಇದೇ ಅಂಕಣದಲ್ಲಿ 'ಕಡಿಮೆ ಹೇಳಿ' ಎಂದು ಬರೆದಿದ್ದಿರಿ. ವೈದ್ಯನಾಗಿ ನನಗೆ ಇದು ಒಪ್ಪಿಗೆಯಾಗುವುದಿಲ್ಲ. ರೋಗಿಗೆ ಎಲ್ಲವನ್ನೂ ತಿಳಿಯುವ ಹಕ್ಕಿದೆ. ಅಡ್ಡ ಪರಿಣಾಮ, ಅಪಾಯದ ಅಂಕಿಅಂಶ ಇವನ್ನು ಬಿಟ್ಟರೆ ಅದು ಮುಚ್ಚಿಟ್ಟಂತೆ ಆಗುವುದಿಲ್ಲವೇ?
— ಹಿರಿಯ ವೈದ್ಯರು

ಉತ್ತರ: ಡಾಕ್ಟರೇ, ನಿಮ್ಮ ಕಾಳಜಿ ನನ್ನದೂ ಹೌದು. ಏನನ್ನೂ ಮುಚ್ಚಿಡಬಾರದು. ಆದರೆ ಒಟ್ಟಿಗೆ ಸುರಿದರೆ ತಿಳಿಸಿದಂತೆಯೂ ಆಗುವುದಿಲ್ಲ. ರಾಯ್ ಕೆಸೆಲ್ಸ್ 2003ರಲ್ಲಿ ಬರೆದ ವಿಮರ್ಶೆಯ ಪ್ರಕಾರ, ವೈದ್ಯರು ಹೇಳಿದ್ದರಲ್ಲಿ ಶೇ 40ರಿಂದ 80ರಷ್ಟನ್ನು ರೋಗಿಗಳು ಆ ಕೂಡಲೇ ಮರೆಯುತ್ತಾರೆ. ನೆನಪಿಟ್ಟುಕೊಂಡದ್ದರಲ್ಲೂ ಸುಮಾರು ಅರ್ಧ ತಪ್ಪಾಗಿರುತ್ತದೆ. ಹೇಳುವುದು ಹೆಚ್ಚಾದಷ್ಟೂ ಮರೆಯುವ ಪಾಲೂ ಹೆಚ್ಚುತ್ತದೆ ಅನ್ನುವುದೂ ಅದರಲ್ಲೇ ಇದೆ. ಹತ್ತು ಸಂಗತಿ ಹೇಳಿ ಯಾವ ಮೂರು ಉಳಿಯಬೇಕು ಅನ್ನುವುದನ್ನು ಅದೃಷ್ಟಕ್ಕೆ ಬಿಡುವ ಬದಲು, ಆ ಮೂರನ್ನು ನೀವೇ ಆರಿಸಿ ಮೊದಲು ಹೇಳಿ ಅನ್ನುವುದು ನನ್ನ ವಾದ. ಉಳಿದದ್ದು ಒಂದು ಗುಂಡಿಯಾಚೆ ಇರಲಿ, ಮನೆಗೆ ಹೋಗಿ ಬಿಡುವಾದಾಗ ಓದಲು ಸಿಗಲಿ.

ಆದರೆ ಒಂದನ್ನು ಯಾವ ಗುಂಡಿಯ ಹಿಂದೆಯೂ ಇಡಬಾರದು. ಅಪಾಯದ ಸೂಚನೆಗಳು. ಮಾತಾಡಲು ಆಗದಷ್ಟು ಏದುಸಿರು, ತುಟಿ ನೀಲಿಯಾಗುವುದು, ತುರ್ತಿಗೆ ಕೊಟ್ಟ ಇನ್‌ಹೇಲರ್ ತೆಗೆದುಕೊಂಡರೂ ಕಡಿಮೆಯಾಗದಿರುವುದು. ಇಂಥದ್ದು ಕಂಡರೆ ತಕ್ಷಣ ಆಸ್ಪತ್ರೆಗೆ ಅನ್ನುವುದು ಪ್ರತಿ ಸ್ಕ್ರೀನಿನಿಂದಲೂ ಒಂದೇ ಮುಟ್ಟಿನಲ್ಲಿ ಸಿಗುವಂತೆ ಅಲ್ಲ, ಮೊದಲ ಸ್ಕ್ರೀನಿನಲ್ಲೇ ಕಾಣುವಂತೆ ಇರಬೇಕು. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಅಂಕಿಅಂಶದ ಮಾತಿಗೆ ಬಂದರೆ, ಕೊಡಿ, ಆದರೆ ಕೊಡುವ ರೀತಿಯನ್ನು ನೋಡಿಕೊಂಡು ಕೊಡಿ. 1995ರಲ್ಲಿ ಬ್ರಿಟನ್‌ನಲ್ಲಿ ಕೆಲವು ಹೊಸ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟು ಆಗುತ್ತದೆ ಎಂಬ ಎಚ್ಚರಿಕೆ ಹೊರಟಿತು. ಹೆದರಿದ ಎಷ್ಟೋ ಹೆಂಗಸರು ಮಾತ್ರೆ ಬಿಟ್ಟರು. ಬೇಡದ ಬಸಿರು, ಗರ್ಭಪಾತ ಎರಡೂ ಹೆಚ್ಚಿದವು. ಆ 'ಎರಡು ಪಟ್ಟು' ಅಂದರೆ ಏನು ಗೊತ್ತೇ? 7,000 ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು 7,000ದಲ್ಲಿ ಇಬ್ಬರಿಗೆ ಆಗುತ್ತದೆ ಅಂತ. ಜರ್ಮನಿಯ ಗೆರ್ಡ್ ಗಿಗೆರೆನ್ಜರ್ ಈ ಉದಾಹರಣೆಯನ್ನು ಮತ್ತೆ ಮತ್ತೆ ಎತ್ತಿ ತೋರಿಸಿದ್ದಾರೆ. 'ಎರಡು ಪಟ್ಟು', 'ಶೇ 100 ಹೆಚ್ಚಳ' ಅನ್ನುವುದನ್ನು ಓದಿದವರು ಯಾವುದರ ಎರಡು ಪಟ್ಟು ಅಂತ ತಾವೇ ಲೆಕ್ಕ ಹಾಕಬೇಕು. ಆ ಲೆಕ್ಕಕ್ಕೆ ಬೇಕಾದ ಮೂಲ ಸಂಖ್ಯೆ ಅವರ ಹತ್ತಿರ ಇರುವುದಿಲ್ಲ. 'ಇಷ್ಟು ಜನರಲ್ಲಿ ಇಷ್ಟು ಮಂದಿಗೆ' ಅಂತ ಹೇಳಿ. ಎರಡು ಔಷಧಿಗಳನ್ನು ಹೋಲಿಸುವುದಾದರೆ ಒಂದಕ್ಕೆ 100ರಲ್ಲಿ, ಇನ್ನೊಂದಕ್ಕೆ 1,000ದಲ್ಲಿ ಅಂತ ಹೇಳಬೇಡಿ. ಎರಡಕ್ಕೂ 1,000ವನ್ನೇ ಇಟ್ಟುಕೊಳ್ಳಿ.

ನಿಮ್ಮ ಪತ್ರದ ಇನ್ನೊಂದು ಮಾತು ನನಗೆ ಹಿಡಿಸಿತು. ಹತ್ತಾರು ವರ್ಷದಿಂದ ಸಕ್ಕರೆ ಕಾಯಿಲೆ ಇರುವವರಿಗೆ ಇಂಥ ಬಿಡಿ ಬಿಡಿ ಹೆಜ್ಜೆಗಳ ಪಾಠ ಕಿರಿಕಿರಿ ಅಂದಿದ್ದೀರಿ. ನಿಜ. ಹೊಸಬರಿಗೆ ನೆರವಾಗುವ ವಿವರಣೆಯೇ ಬಲ್ಲವರಿಗೆ ಹೊರೆಯಾಗುತ್ತದೆ ಅನ್ನುವುದನ್ನು ಸ್ಲಾವಾ ಕಾಲ್ಯುಗಾ, ಸ್ವೆಲ್ಲರ್ ಮೊದಲಾದವರು 2003ರಲ್ಲೇ ಬರೆದಿದ್ದಾರೆ. ಬಲ್ಲವರು ತಮಗೆ ಗೊತ್ತಿರುವುದನ್ನು ಪಾಠದ ಜೊತೆ ತಾಳೆ ನೋಡುತ್ತ ಕೂರಬೇಕಾಗುತ್ತದೆ. ಶುರುವಿನಲ್ಲೇ 'ಇನ್ಸುಲಿನ್ ಇದೇ ಮೊದಲ ಸಲವೇ, ಮುಂಚಿನಿಂದ ತೆಗೆದುಕೊಳ್ಳುತ್ತಿದ್ದೀರಾ?' ಅಂತ ಒಂದು ಪ್ರಶ್ನೆ ಸಾಕು. ಹಳಬರನ್ನು ನೇರವಾಗಿ ಅವರಿಗೆ ಬೇಕಾದ ಕಡೆಗೆ ಕರೆದುಕೊಂಡು ಹೋಗಿ. ಸೂಜಿ ಚುಚ್ಚುವ ಜಾಗ ಬದಲಿಸದೆ ಗಂಟು ಕಟ್ಟಿರುವುದು, ಜ್ವರ ಬಂದು ಊಟ ಸೇರದ ದಿನ ಏನು ಮಾಡಬೇಕು ಅನ್ನುವುದು, ಇಂಥವು.

ಪ್ರಶ್ನೆ: ಅಕ್ಷರದ ಗಾತ್ರ, ಬಣ್ಣ ಹೇಗಿರಬೇಕು? ಚುಟುಕಾಗಿ ತಿಳಿಸಿ.
— ವಿನ್ಯಾಸ ವಿದ್ಯಾರ್ಥಿನಿ

ಉತ್ತರ: ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1 ಇರಬೇಕು ಅನ್ನುವುದು ವೆಬ್ ಪುಟಗಳಿಗೆ ಎಲ್ಲ ಕಡೆ ಒಪ್ಪಿತವಾದ ಅಳತೆ. ತಿಳಿ ಬೂದು ಅಕ್ಷರ ಎಷ್ಟೇ ಚೆಂದ ಕಂಡರೂ ಬೇಡ. ಕೆಂಪು ಅಂದರೆ ಅಪಾಯ, ಹಸಿರು ಅಂದರೆ ಸರಿ ಅಂತ ಬಣ್ಣ ಒಂದರಿಂದಲೇ ಹೇಳಬೇಡಿ, ಕೆಂಪು ಹಸಿರಿನ ಭೇದ ಕಾಣದವರು ಬಹಳ ಮಂದಿ ಇದ್ದಾರೆ. ಪಕ್ಕದಲ್ಲಿ ಮಾತೂ ಇರಲಿ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತದ ಚಿಹ್ನೆ ಮೇಲೆ ಏರುತ್ತದೆ. ಇಂಗ್ಲಿಷಿಗೆಂದು ಇಟ್ಟ ಸಾಲಿನ ಅಂತರವನ್ನೇ ಉಳಿಸಿಕೊಂಡರೆ ಸಾಲುಗಳು ಒಂದಕ್ಕೊಂದು ತಾಗುತ್ತವೆ. ಅಂತರ ಜಾಸ್ತಿ ಮಾಡಿ. ಓದುವವರು ತಮ್ಮ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಾಗ ನಿಮ್ಮ ಪುಟ ಮುರಿಯದಂತೆ ನೋಡಿಕೊಳ್ಳಿ. ವಯಸ್ಸಾದವರು ಹೆಚ್ಚಾಗಿ ಹಾಗೆ ಮಾಡಿಕೊಂಡಿರುತ್ತಾರೆ.

ಪ್ರಶ್ನೆ: ನಮ್ಮದು ಚಿಕ್ಕ ತಂಡ. ಸಂಶೋಧನೆಗೆ ಹಣವಿಲ್ಲ. ನಾವು ಮಾಡಿದ ಪಾಠ ಜನರಿಗೆ ಹಗುರವಾಗಿದೆಯೋ ಭಾರವಾಗಿದೆಯೋ ಅಂತ ತಿಳಿಯುವುದು ಹೇಗೆ? 'ಅರ್ಥವಾಯಿತಾ' ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ.
— ಆರೋಗ್ಯ ಕಾರ್ಯಕರ್ತೆ

ಉತ್ತರ: ಆ ಪ್ರಶ್ನೆಯನ್ನು ಕೇಳುವುದನ್ನೇ ಬಿಡಿ. ಕಷ್ಟಪಟ್ಟು ಹೇಳಿಕೊಟ್ಟವರ ಎದುರಿಗೆ 'ಇಲ್ಲ' ಅನ್ನಲು ಯಾರಿಗಾದರೂ ಸಂಕೋಚ.

ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಈ ಕೆಲಸದಲ್ಲಿ ದಾರಿ ತೋರಿಸಿದೆ. ಔಷಧಿ ಡಬ್ಬಿಯ ಚೀಟಿಯಲ್ಲಿ 'ದಿನಕ್ಕೆ ಎರಡು ಸಲ, ಸಲಕ್ಕೆ ಎರಡು ಮಾತ್ರೆ' ಅನ್ನುವ ಅರ್ಥದ ಸೂಚನೆ ಇತ್ತು. ಓದುಬರಹ ಕಡಿಮೆ ಇದ್ದವರಲ್ಲಿ ಸುಮಾರು ಶೇ 71 ಮಂದಿ ಅದನ್ನು ಸರಿಯಾಗಿಯೇ ಹೇಳಿದರು. 'ಹಾಗಾದರೆ ದಿನಕ್ಕೆ ಎಷ್ಟು ಮಾತ್ರೆ, ಎಣಿಸಿ ತೋರಿಸಿ' ಅಂದಾಗ ಸರಿಯಾಗಿ ತೋರಿಸಿದವರು ಸುಮಾರು ಶೇ 35 ಮಾತ್ರ. ಬಾಯಲ್ಲಿ ಬಂದದ್ದು ಕೈಗೆ ಬರಲಿಲ್ಲ. ಇದು ಆ ಜನರ ದಡ್ಡತನ ಅಲ್ಲ. ಎರಡನ್ನು ಎರಡರಿಂದ ಗುಣಿಸಿ, ದಿನಕ್ಕೆ ಹಂಚುವ ಕೆಲಸವನ್ನು ಆ ಚೀಟಿ ಅವರ ಮೇಲೆ ಹಾಕಿತ್ತು. 'ಬೆಳಿಗ್ಗೆ 2 ಮಾತ್ರೆ, ರಾತ್ರಿ 2 ಮಾತ್ರೆ' ಅಂತ ಬರೆದಿದ್ದರೆ ಆ ಲೆಕ್ಕವೇ ಬೇಕಾಗುತ್ತಿರಲಿಲ್ಲ.

ಹಾಗಾಗಿ ನಿಮ್ಮ ಪಾಠ ತೋರಿಸಿ, 'ಮಾಡಿ ತೋರಿಸಿ' ಅನ್ನಿ. ಖಾಲಿ ಇನ್‌ಹೇಲರ್ ಕೊಡಿ, ಸಿರಪ್‌ ಅಳೆಯುವ ಮುಚ್ಚಳ ಮತ್ತು ನೀರು ಕೊಡಿ, ಮಾತ್ರೆ ಡಬ್ಬಿ ಕೊಡಿ. ಮಾಡಿ ತೋರಿಸುವಂಥದ್ದಲ್ಲದಿದ್ದರೆ, 'ಮನೆಯಲ್ಲಿ ಕೇಳಿದರೆ ಇದನ್ನು ಹೇಗೆ ಹೇಳುತ್ತೀರಿ?' ಅಂತ ಕೇಳಿ. ಇದು ನಿಮ್ಮ ಪರೀಕ್ಷೆಯಲ್ಲ, ನಮ್ಮ ಪಾಠದ ಪರೀಕ್ಷೆ ಅಂತ ಮೊದಲೇ ಹೇಳಿಬಿಡಿ. ಆಮೇಲೆ ಬಾಯಿ ಮುಚ್ಚಿಕೊಂಡು ನೋಡಿ. ಅವರು ತಡವರಿಸಿದಾಗ ನೆರವಿಗೆ ಧಾವಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ. ಬೆರಳು ಎಲ್ಲಿ ನಿಂತಿತು, ಯಾವ ಸ್ಕ್ರೀನಿಗೆ ಹಿಂದೆ ಹೋದರು, ಯಾವ ಪದದ ಹತ್ತಿರ ಎರಡು ಸಲ ಓದಿದರು, ಬರೆದುಕೊಳ್ಳಿ. ಹಿಂದಕ್ಕೆ ಹೋದ ಪ್ರತಿ ಸಲವೂ ಏನೋ ಒಂದನ್ನು ನೆನಪಿಟ್ಟುಕೊಳ್ಳಲು ಆಗಲಿಲ್ಲ ಅಂತ ಅರ್ಥ.

ಎಷ್ಟು ಜನ ಬೇಕು ಅಂತ ಕೇಳುತ್ತೀರಿ. ದೊಡ್ಡ ದೊಡ್ಡ ಎಡವಟ್ಟುಗಳನ್ನು ಹಿಡಿಯಲು ಐದು ಜನ ಸಾಕು ಎಂದು ಜೇಕಬ್ ನೀಲ್ಸನ್ 2000ದಲ್ಲಿ ಬರೆದರು. ಅದನ್ನು ನಾನು ಒಂದು ತಿದ್ದುಪಡಿಯೊಂದಿಗೆ ಒಪ್ಪುತ್ತೇನೆ. ಐದೂ ಜನ ನಿಮ್ಮ ಕಚೇರಿಯವರಾದರೆ ಏನೂ ತಿಳಿಯುವುದಿಲ್ಲ. ಒಬ್ಬರು ಕಣ್ಣು ಮಂಜಾದವರು, ಒಬ್ಬರು ಓದುಬರಹ ಕಡಿಮೆ ಇರುವವರು, ಒಬ್ಬರು ಈಗಷ್ಟೇ ಕಾಯಿಲೆಯ ಸುದ್ದಿ ತಿಳಿದವರು, ಒಬ್ಬರು ರೋಗಿಯನ್ನು ನೋಡಿಕೊಳ್ಳುವ ಮನೆಯವರು ಇರಲಿ. ಜೊತೆಗೆ ರೋಗಿಗಳಿಗೆ ಮಾಡಿದ ಪಾಠಕ್ಕೆ ನೀವೇ ಅಂಕ ಹಾಕಿ ನೋಡಲು ಪೆಮ್ಯಾಟ್ ಅನ್ನುವ ಪ್ರಶ್ನಾವಳಿ ಇದೆ, ನೋಡಿ. ಅಮೆರಿಕದ ಸರಕಾರಿ ಸಂಸ್ಥೆ ಎಎಚ್‌ಆರ್‌ಕ್ಯು ಉಚಿತವಾಗಿ ಕೊಡುತ್ತದೆ. ಅರ್ಥವಾಗುತ್ತದೆಯೇ ಅನ್ನುವುದಕ್ಕೆ ಬೇರೆ ಅಂಕ, ಏನು ಮಾಡಬೇಕು ಅಂತ ಗೊತ್ತಾಗುತ್ತದೆಯೇ ಅನ್ನುವುದಕ್ಕೆ ಬೇರೆ ಅಂಕ. ನನ್ನ ಕೈಗೆ ಬರುವ ಪಾಠಗಳು ಹೆಚ್ಚಾಗಿ ಎರಡನೆಯದರಲ್ಲೇ ಸೋಲುವುದು.

ತಿದ್ದಿದ ಮೇಲೆ ಮತ್ತೆ ತೋರಿಸುವಾಗ ಹೊಸ ಐದು ಜನರನ್ನು ಕರೆಯಿರಿ. ಮೊದಲಿನವರಿಗೆ ಈಗಾಗಲೇ ಉತ್ತರ ಗೊತ್ತಿರುತ್ತದೆ.